ಬನಶಂಕರಿ ಮಾರ್ಕೆಟ್ಟಿನ ಕಾಡುಸೊಪ್ಪು

ನಮ್ಮ ಮನೆಯ ಮೇಲಿನ ಪೋರ್ಷನ್ನಿಗೆ ಬಾಡಿಗೆಗೆ ಬಂದಿರುವ ಹುಡುಗಿಗೆ ಕಾಡಿನ ಕ್ಯಾಂಪೊಂದರಲ್ಲಿ ಅಡುಗೆಯ ಕೆಲಸ ಸಿಕ್ಕಿದೆ. ಅಡುಗೆ ಅಂದರೆ ಅವಳಿಗೆ ಕೋಪ ಬರುತ್ತದೆ, ಕಲಿನರಿ ಅನ್ನಬೇಕಂತೆ. ಮೂರು ವರ್ಷ ಕಾಲೇಜಿನಲ್ಲಿ ಓದಿ ಬಂದಿದ್ದಾಳೆ. ಈರುಳ್ಳಿಯನ್ನು ಎಂಟು ಬಗೆಯಲ್ಲಿ ಹೆಚ್ಚಲು ಬರುತ್ತದೆ. ಮೊನ್ನೆ ನೀರಿನ ಮೋಟರು ಹಾಕಲು ಕೆಳಗೆ ಬಂದವಳು ಕೇಳಿದಳು, "ಆಂಟಿ, ನೀವು ಅದೇ ಕೆಲಸ ಮಾಡ್ತಿದ್ರಂತೆ. ಹೇಗಿರುತ್ತೆ? ಕಾಡು, ಹಕ್ಕಿ, ಸಖತ್ ಪೀಸ್‌ಫುಲ್ ಅಲ್ವಾ?"

ಹಕ್ಕಿಗಳು ಪೀಸ್‌ಫುಲ್ಲಾಗಿಯೇ ಇರುತ್ತವೆ, ಅವಕ್ಕೆ ಅಡುಗೆ ಮಾಡಬೇಕಾಗಿಲ್ಲ. ಮಿಕ್ಕದ್ದನ್ನು ನಿಂತ ಕಾಲಲ್ಲಿ ಹೇಳಿ ಮುಗಿಸುವುದು ಸಾಧ್ಯವಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇವಳಿಗೂ ಇವಳ ಹಾಗೆ ಗ್ಲೌಸು ತೊಟ್ಟುಕೊಂಡು ಕಾಡಿಗೆ ಹೊರಟಿರುವ ಇತರರಿಗೂ.

ನನ್ನ ಹೆಸರು ಜಯಮ್ಮ. ಚಿಕ್ಕಲಸಂದ್ರಕ್ಕೆ ಸೊಸೆಯಾಗಿ ಬಂದಾಗ ನಮ್ಮ ಮಾವನವರ ಹೊಲದಲ್ಲಿ ರಾಗಿ, ಅವರೆ ಇತ್ತು. ಈಗ ಆ ಜಾಗದಲ್ಲಿ ಎರಡು ಅಪಾರ್ಟ್‌ಮೆಂಟು, ಒಂದು ಜಿಮ್ಮು ಇವೆ. ಹೊಲ ಹೋದದ್ದಕ್ಕೆ ಅಳುತ್ತಾ ಕೂರಲು ನಮ್ಮತ್ತೆಗೆ ಪುರುಸೊತ್ತಿರಲಿಲ್ಲ. ಇದ್ದಷ್ಟು ದಿನ ಬದುವಿನ ಮೇಲೆ ನನ್ನನ್ನು ನಡೆಸಿಕೊಂಡು ಹೋಗಿ ಸೊಪ್ಪಿನ ಗುರುತು ಕಲಿಸಿದರು. ಅಣ್ಣೆ, ಗೋಣಿ, ಕನ್ನೆ, ಎಲ್ಲ ಸೇರಿಸಿದರೆ ಬೆರಕೆ ಸೊಪ್ಪು. ಗೊತ್ತಿಲ್ಲದ ಗಿಡಕ್ಕೆ ಕೈ ಹಾಕಿದರೆ ಮಣಿಕಟ್ಟಿನ ಮೇಲೆ ಏಟು ಬೀಳುತ್ತಿತ್ತು. ನಾನು ಓದಿದ ಕಲಿನರಿ ಅಷ್ಟೇ.

ಮದುವೆಮನೆ ಅಡುಗೆಯವರ ಜೊತೆ ಹತ್ತೊಂಬತ್ತು ವರ್ಷ ದುಡಿದ ಮೇಲೆ ಜೆ.ಪಿ. ನಗರದ ಕಂಪನಿಯೊಂದರವರು ನನ್ನನ್ನು ಕರೆದರು. ಕಂಪನಿಯ ಹೆಸರು ಬೇಡ. ಅದರಲ್ಲಿ ವೈಲ್ಡ್ ಅನ್ನುವ ಪದ ಎರಡು ಸಲ ಬರುತ್ತಿತ್ತು, ಆಫೀಸು ಮಾತ್ರ ಒಂದು ದಂತ ವೈದ್ಯರ ಕ್ಲಿನಿಕ್ಕಿನ ಕೆಳಗಿನ ಬೇಸ್‌ಮೆಂಟಿನಲ್ಲಿತ್ತು. ಅದರ ಯಜಮಾನರು ನಿಶಾಂತ್ ಸಾರ್. ಮೂವತ್ತೈದರ ಆಸುಪಾಸು, ಗಡ್ಡ, ಹನ್ನೆರಡು ಜೇಬಿನ ಪ್ಯಾಂಟು. ಆ ಜೇಬುಗಳಲ್ಲಿ ಏನಿತ್ತು ಅನ್ನುವುದು ಹನ್ನೊಂದು ವರ್ಷದಲ್ಲಿ ನನಗೆ ತಿಳಿಯಲಿಲ್ಲ. ಬೆಂಕಿಪೊಟ್ಟಣ ಬೇಕಾದಾಗಲೆಲ್ಲ ನನ್ನನ್ನೇ ಕೇಳುತ್ತಿದ್ದರು.

ಕೆಲಸ ಇಷ್ಟು. ಶನಿವಾರ ಬೆಳಿಗ್ಗೆ ಜಯನಗರ, ಬಿಟಿಎಂ ಕಡೆಯಿಂದ ಹದಿನೈದಿಪ್ಪತ್ತು ಜನರನ್ನು ವ್ಯಾನಿಗೆ ಹತ್ತಿಸಿಕೊಂಡು ತಲಘಟ್ಟಪುರ ದಾಟಿ ಎರಡೂವರೆ ಗಂಟೆ ಹೋದರೆ ಕಾಡು. ಅದರ ಅಂಚಿನಲ್ಲಿ ಹಿಂದೆ ದನದ ದೊಡ್ಡಿಯಿದ್ದ ಬಯಲು. ಅಲ್ಲಿ ಗುಡಾರ ಹಾಕಲು, ಕಾಡಿನೊಳಗೆ ಒಂದು ದಾರಿಯಲ್ಲಿ ನಡೆಯಲು ಕಂಪನಿಗೆ ಅನುಮತಿಯಿತ್ತು. ಜನ ನಡೆಯುವುದು, ಬಂಡೆ ಹತ್ತುವುದು, ಹಕ್ಕಿ ನೋಡುವುದು, ಭಾನುವಾರ ಮಧ್ಯಾಹ್ನ ಉಂಡು ವಾಪಸ್ಸು ಹೊರಡುವುದು. ನಾನು ತಗಡಿನ ಶೆಡ್ಡಿನಲ್ಲಿ ಬೇಯಿಸುವುದು. ಕಾಡಿನ ಕಡೆಯಿಂದ ಗಾರ್ಡ್ ಸಿದ್ದರಾಜು ಜೊತೆಗಿರುತ್ತಿದ್ದ. ಪಕ್ಕದ ಹಳ್ಳಿಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಕಾಡಿನ ಕಾನೂನು ಅವನಿಗೆ ಬಾಯಿಪಾಠ. ಒಂದು ಎಲೆ ಕೀಳಂಗಿಲ್ಲ, ಒಂದು ಕಲ್ಲು ಒಯ್ಯಂಗಿಲ್ಲ, ಒಂದು ಪ್ಲಾಸ್ಟಿಕ್ಕು ಬಿಡಂಗಿಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಮಿಕ್ಕ ಅನ್ನವನ್ನು ಹಕ್ಕಿಗಳು ತಿನ್ನಲಿ ಎಂದು ಶೆಡ್ಡಿನ ಹಿಂದೆ ಸುರಿದೆ. ಹಕ್ಕಿ ಬರಲಿಲ್ಲ, ಬೆಳಗಾಗುವಷ್ಟರಲ್ಲಿ ಕಾಡುಹಂದಿಗಳ ಕುಟುಂಬವೇ ಬಂತು. ಅನ್ನ ಮುಗಿಸಿ, ಆಲೂಗಡ್ಡೆ ಚೀಲ ಹರಿದು, ಮೊಸರಿನ ಕ್ಯಾನು ಉರುಳಿಸಿ, ತಗಡಿನ ಗೋಡೆಯನ್ನು ಒಳಕ್ಕೆ ತಳ್ಳಿ ಹೋದವು. ನಾನು ನಡುಗುತ್ತಾ ನಿಂತಿದ್ದರೆ ಬಂದಿದ್ದ ಜನ ಗುಡಾರದ ಜಿಪ್ಪು ಸ್ವಲ್ಪವೇ ತೆರೆದು ವಿಡಿಯೋ ಮಾಡುತ್ತಿದ್ದರು. ಸಿದ್ದರಾಜು ಬಂದು ನನಗೆ ಚೆನ್ನಾಗಿ ಬೈದ. ಬೈಸಿಕೊಳ್ಳಬೇಕಾದದ್ದೇ.

ನಿಶಾಂತ್ ಸಾರ್ ಬೈಯಲಿಲ್ಲ. ವಿಡಿಯೋ ನೋಡಿದವರೇ ಹತ್ತಿರ ಬಂದು, "ಜಯಕ್ಕ, ಪ್ರತಿ ವಾರ ಹಿಂಗೇ ಸ್ವಲ್ಪ ಅನ್ನ ಹಾಕಕ್ಕಾಗುತ್ತಾ? ಗೋಡೆಯಿಂದ ಸ್ವಲ್ಪ ದೂರ," ಎಂದರು.

ಅವತ್ತು ಸಿದ್ದರಾಜು ತಡೆದ. ಆದರೆ ನನ್ನ ಯಜಮಾನರು ಎಂಥವರೆಂದು ಅವತ್ತೇ ನನಗೆ ಗೊತ್ತಾಗಬೇಕಿತ್ತು. ಅನಾಹುತ ಆದರೆ ಸಾಮಾನ್ಯ ಮನುಷ್ಯ ಮತ್ತೆ ಆಗದಿರಲಿ ಎಂದು ಯೋಚಿಸುತ್ತಾನೆ. ಇವರು ಅದಕ್ಕೆ ಟೈಮಿಂಗ್ ಗೊತ್ತುಮಾಡುತ್ತಿದ್ದರು.

ಬರುವವರ ವಿಷಯ. ಎಲ್ಲರೂ ಕೆಟ್ಟವರಲ್ಲ, ಹೆಚ್ಚಿನವರು ವಾರವಿಡೀ ಕುರ್ಚಿಯಲ್ಲಿ ಕೂತು ಬೆನ್ನು ನೋವು ತಂದುಕೊಂಡ ಪಾಪದವರು. ಆದರೂ ಕಾಡಿಗೆ ಬಂದ ಕೂಡಲೇ ಮನುಷ್ಯರಿಗೆ ಏನೋ ಆಗುತ್ತದೆ. ಮನೆಯಲ್ಲಿ ಅಮ್ಮ ಮುದ್ದೆ ಮಾಡಿದರೆ ಮುಖ ಸಿಂಡರಿಸುವವರು ಇಲ್ಲಿ ಮುದ್ದೆಯ ಮುಂದೆ ಕೈ ಜೋಡಿಸಿ ಕೂರುತ್ತಿದ್ದರು. "ಅಗಿಬೇಡಿ ಸಾರ್, ನುಂಗಿ," ಎಂದರೆ, "ಇಲ್ಲ ಆಂಟಿ, ಮೂವತ್ತೆರಡು ಸಲ ಅಗೀಬೇಕು, ಮೈಂಡ್‌ಫುಲ್ ಆಗಿ," ಎನ್ನುತ್ತಿದ್ದರು. ಮುದ್ದೆಯನ್ನು ಮೂವತ್ತೆರಡು ಸಲ ಅಗಿದವರ ಹಲ್ಲು ನೋಡಬೇಕು ನೀವು. ಒಬ್ಬ ಹೆಂಗಸು ಜೀರುಂಡೆಯ ಸದ್ದು ಎಷ್ಟು ಹೊತ್ತಿಗೆ ಆಫ್ ಆಗುತ್ತದೆ ಎಂದು ಕೇಳಿದರು. ಊಟದ ಟೈಮಿಗೆ ಮೇಡಂ, ಎಂದೆ. ಅವರು ಬರೆದುಕೊಂಡರು.

ಕ್ರಮಗಳೂ ಬದಲಾಗುತ್ತಾ ಹೋದವು. ನಾನು ಸೇರಿದಾಗ ಬಿಸಿಬೇಳೆಬಾತು, ಮೊಸರನ್ನ, ಉಪ್ಪಿನಕಾಯಿ ಮಾಡಿದರೆ ಪಾತ್ರೆ ಕೆರೆದು ತಿನ್ನುತ್ತಿದ್ದರು. ಆಮೇಲೆ ಸಿರಿಧಾನ್ಯ ಬಂತು. ಆಮೇಲೆ ಹಾಲು ಬೇಡದವರು, ಗೋಧಿ ಬೇಡದವರು, ಒಗ್ಗರಣೆ ಬೇಡದವರು ಬಂದರು. ಊಟದ ಪಟ್ಟಿಯನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ. ಅದನ್ನು ನಿಲ್ಲಿಸಿ ಕಂಬಕ್ಕೆ ಒಂದು ಕಪ್ಪುಚುಕ್ಕಿಯ ಚೌಕ ಅಂಟಿಸಿದರು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಓದಬೇಕು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಜನ ಸ್ಕ್ಯಾನ್ ಮಾಡಿ, ಕೈ ಮೇಲೆತ್ತಿ ಸುತ್ತು ಹಾಕಿ, ಕೊನೆಗೆ ಶೆಡ್ಡಿಗೆ ಬಂದು, "ಆಂಟಿ, ಏನಿದೆ ಊಟಕ್ಕೆ?" ಎನ್ನುತ್ತಿದ್ದರು. ನಾನು ಬಾಯಲ್ಲಿ ಹೇಳುತ್ತಿದ್ದೆ.

ಇನ್ನು ಸೊಪ್ಪಿನ ಕತೆ. ಇದನ್ನು ಬರೆಯಲೆಂದೇ ಕೂತಿದ್ದೇನೆ, ಇಷ್ಟು ಹೊತ್ತು ಸುತ್ತು ಬಳಸಿದ್ದು ನಾಚಿಕೆಗೆ.

ಒಂದು ಶನಿವಾರ ಬೆರಕೆ ಸೊಪ್ಪಿನ ಬಸ್ಸಾರು ಮಾಡಿದ್ದೆ. ಅದರ ಸೊಪ್ಪನ್ನು ಬೆಳಿಗ್ಗೆ ಬನಶಂಕರಿ ಮಾರ್ಕೆಟ್ಟಿನಲ್ಲಿ ಕೊಂಡಿದ್ದೆ. ಅಲ್ಲಿಗೆ ಅದನ್ನು ತರುವವರು ನಾವು ಹೋಗುವ ರಸ್ತೆಯ ಆಚೀಚಿನ ಹಳ್ಳಿಯ ಹೆಂಗಸರೇ. ಹಳ್ಳಿಯಲ್ಲಿ ಕಿತ್ತ ಸೊಪ್ಪು ಬಸ್ಸು ಹತ್ತಿ ಬನಶಂಕರಿಗೆ ಬಂದು, ನನ್ನ ಕೈಗೆ ಸಿಕ್ಕಿ, ವ್ಯಾನು ಹತ್ತಿ ತನ್ನ ಹಳ್ಳಿಯ ಮುಂದೆಯೇ ಹಾದು ಕಾಡಿಗೆ ಬರುತ್ತಿತ್ತು. ಊಟದ ಹೊತ್ತಿಗೆ ಒಬ್ಬರು ಬೆರಳು ಚೀಪುತ್ತಾ, "ವಾವ್, ಇದು ಎಲ್ಲಿ ಸೊಪ್ಪು?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನಿಶಾಂತ್ ಸಾರ್ ಹೇಳಿದರು, "ಇಲ್ಲೇ ಕಾಡಿಂದು. ಜಯಕ್ಕ ಬೆಳಿಗ್ಗೆ ಬಂದ ಕೂಡ್ಲೇ ಹೋಗಿ ಕಿತ್ಕೊಂಡು ಬಂದ್ರು."

ಹದಿನಾರು ಜನ ನನ್ನ ಕಡೆ ತಿರುಗಿ ನೋಡಿದರು. ಅಲ್ಲಿಯವರೆಗೆ ನನ್ನ ಮುಖವನ್ನು ಅವರಲ್ಲಿ ಯಾರೂ ನೋಡಿರಲಿಲ್ಲ, ಸೌಟು ನೋಡಿದ್ದರು. ನಾನು ಇಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ನಕ್ಕೆ.

ಮುಂದಿನ ತಿಂಗಳಿಗೆ ಅದು ಕಾರ್ಯಕ್ರಮವೇ ಆಯಿತು. ನಿಶಾಂತ್ ಸಾರ್ ಒಂದು ಬಿದಿರಿನ ಬುಟ್ಟಿ ತಂದರು. ನೈಲೆಕ್ಸ್ ಸೀರೆ ಬೇಡ, ಹಳೇ ಕಾಟನ್ ಸೀರೆ ಉಡಿ ಎಂದರು. ಹನ್ನೊಂದು ಗಂಟೆಗೆ ಜನ ಮಜ್ಜಿಗೆ ಕುಡಿಯುತ್ತಾ ಕೂತಿರುವಾಗ ನಾನು ಮರಗಳ ನಡುವಿನಿಂದ ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ನಡೆದು ಬರಬೇಕು. ಬುಟ್ಟಿ ತುಂಬುತ್ತಿದ್ದದ್ದು ವ್ಯಾನಿನ ಹಿಂದೆ. ಯಾರಾದರೂ ಏನಾದರೂ ಕೇಳಿದರೆ ಹೇಳಲು ಒಂದು ಮಾತನ್ನೂ ಬರೆದುಕೊಟ್ಟರು: "ಕಾಡು ತಾಯಿ ಇದ್ದಂಗೆ. ಕೆಟ್ಟದ್ದು ಕೊಡಲ್ಲ."

ಮೊದಲ ವಾರ ನಾಚಿಕೆಯಾಯಿತು. ಎರಡನೆಯ ವಾರ ಅಭ್ಯಾಸವಾಯಿತು. ಮೂರನೆಯ ವಾರ ಸೆರಗು ಸರಿಮಾಡಿಕೊಂಡು ಕ್ಯಾಮೆರಾ ಎಲ್ಲಿದೆ ಎಂದು ನೋಡಿದೆ. ಇದನ್ನು ಓದುತ್ತಿರುವ ಹುಡುಗ ಹುಡುಗಿಯರು ಗಮನವಿಟ್ಟು ಕೇಳಿ, ಸುಳ್ಳು ಕಲಿಯುವುದಕ್ಕೆ ಇಷ್ಟೇ ವಾರ ಸಾಕು.

ಸಿದ್ದರಾಜು ಮೊದಲ ದಿನ ಬುಟ್ಟಿ ನೋಡಿ ಹೌಹಾರಿದ. ಕಾಡಿನಲ್ಲಿ ಸೊಪ್ಪು ಕಿತ್ತರೆ ಕೇಸು. ಕೆದಕಿ ನೋಡಿದವನು ಒಂದು ಕಟ್ಟು ಎತ್ತಿ ಹಿಡಿದು ಕೇಳಿದ, "ಏನಕ್ಕ, ನಮ್ ಕಾಡಲ್ಲಿ ರಬ್ಬರ್ ಬ್ಯಾಂಡ್ ಗಿಡ ಯಾವಾಗ ಬಂತು?"

ಆಮೇಲೆ ಅವನೂ ಸುಮ್ಮನಾದ. ಕಾಡಿನ ಎಲೆ ಕಾಡಲ್ಲೇ ಇದ್ದರೆ ಅವನಿಗೆ ಸಾಕಿತ್ತು. ಕಾನೂನಿನ ಕಣ್ಣಿಗೆ ನಾವು ತಪ್ಪಿತಸ್ಥರೇ ಅಲ್ಲ. ಬಂದ ಜನಕ್ಕೆ ಮೋಸ ಮಾಡುತ್ತಿದ್ದೆವು ಅಷ್ಟೇ, ಅದಕ್ಕೆ ಅರಣ್ಯ ಕಾನೂನಿನಲ್ಲಿ ಸೆಕ್ಷನ್ ಇಲ್ಲ.

ಹೀಗೆ ಒಂದೂವರೆ ವರ್ಷ ನಡೆದ ಮೇಲೆ ಪ್ರಣವ್ ಬಂದರು. ಜಯನಗರದವರು, ನಲವತ್ತರ ಒಳಗಿನ ವಯಸ್ಸು, ದೊಡ್ಡ ಆಫೀಸಿನಲ್ಲಿ ದೊಡ್ಡ ಕೆಲಸ. ದೇಹದಿಂದ ವಿಷ ತೆಗೆಯುವ ಹುಚ್ಚು ಅವರಿಗೆ. ಬೆಳಿಗ್ಗೆ ಬೂದುಗುಂಬಳದ ರಸ, ಸಂಜೆ ಬೇವಿನ ರಸ. ಇಷ್ಟು ವರ್ಷ ತೆಗೆದ ಮೇಲೂ ಇನ್ನೂ ಎಷ್ಟು ವಿಷ ಉಳಿದಿತ್ತೋ. ಬುಟ್ಟಿ ಹಿಡಿದು ಬಂದ ನನ್ನನ್ನು ನೋಡಿ ಓಡಿ ಬಂದರು.

"ಆಂಟಿ, ಯಾವ ಎಲೆ ತಿನ್ಬಹುದು, ಯಾವುದು ತಿನ್ಬಾರದು ಅಂತ ಹೇಗೆ ಗೊತ್ತಾಗುತ್ತೆ?"

ಕಲಿಯಬೇಕು ಸಾರ್, ಗೊತ್ತಿಲ್ಲದ್ದನ್ನು ಮುಟ್ಟಬಾರದು ಎನ್ನಲು ನಾಲಿಗೆಯವರೆಗೆ ಬಂದಿತ್ತು. ನಿಶಾಂತ್ ಸಾರ್ ಪಕ್ಕದಲ್ಲೇ ನಿಂತಿದ್ದರು.

"ಕಾಡು ತಾಯಿ ಇದ್ದಂಗೆ ಸಾರ್," ಎಂದೆ. "ಕೆಟ್ಟದ್ದು ಕೊಡಲ್ಲ."

ಅವರ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ.

ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಉಂಡರು. ಎರಡು ಗಂಟೆಯ ಹೊತ್ತಿಗೆ ಪ್ರಣವ್ ನೀರು ಕೇಳಿದರು. ಮತ್ತೆ ಕೇಳಿದರು. ಬಾಯಿ ಒಣಗುತ್ತಿದೆ ಎಂದರು. ಆಮೇಲೆ ಎದ್ದು ಹೋಗಿ ನೀರಿನ ಟ್ಯಾಂಕಿನ ಮುಂದೆ ನಿಂತು ಅದಕ್ಕೆ ಏನನ್ನೋ ವಿವರಿಸತೊಡಗಿದರು. ಕೈ ಎತ್ತಿ, "ನೆಕ್ಸ್ಟ್ ಸ್ಲೈಡ್ ಪ್ಲೀಸ್," ಎಂದರು. ಟ್ಯಾಂಕು ಸುಮ್ಮನಿತ್ತು. "ಯಾಕೆ ಎಲ್ಲಾ ಮ್ಯೂಟ್‌ನಲ್ಲಿದ್ದೀರಾ?" ಎಂದು ರೇಗಿದರು. ಜನ ಬಿದ್ದು ಬಿದ್ದು ನಕ್ಕರು. ನಾಲ್ಕೈದು ಫೋನುಗಳು ಮೇಲೆದ್ದವು. ನಾನೂ ಶೆಡ್ಡಿನ ಬಾಗಿಲಲ್ಲಿ ನಿಂತು ನಕ್ಕೆ.

ನಗುತ್ತಿದ್ದಾಗಲೇ ಅವರು ಗಾಳಿಯಲ್ಲಿ ಇಲ್ಲದ ದಾರ ಬಿಡಿಸುವಂತೆ ಬೆರಳಾಡಿಸಿದರು. ಆಮೇಲೆ ಕುಸಿದು ಕೂತರು. ಓಡಿ ಹೋಗಿ ಮುಖ ಎತ್ತಿ ನೋಡಿದೆ. ಕೆಂಡದಂಥ ಮೈ. ಕೆಂಪಾದ ಕೆನ್ನೆ. ಕಣ್ಣಿನ ಕಪ್ಪು ಬೊಂಬೆ ಇಷ್ಟಗಲ ಆಗಿತ್ತು, ಬಿಸಿಲಿಗೆ ಹಿಡಿದರೂ ಚಿಕ್ಕದಾಗಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಬೀದಿಯ ಮಗುವೊಂದನ್ನು ಹೀಗೇ ನೋಡಿದ್ದೆ. ಉಮ್ಮತ್ತಿ ಕಾಯಿ ತಿಂದಿತ್ತು. ಶಿವನ ಪೂಜೆಗೆ ಹೂ ಕೊಡುವ ಗಿಡ, ದತ್ತೂರಿ ಅನ್ನುತ್ತಾರಲ್ಲ, ಅದು.

"ಸಾರ್, ಆಸ್ಪತ್ರೆಗೆ. ಈಗ್ಲೇ," ಎಂದೆ.

"ಬಿಸಿಲು ಜಯಕ್ಕ," ಎಂದರು ನಿಶಾಂತ್ ಸಾರ್. "ನೆರಳಲ್ಲಿ ಮಲಗ್ಸಿ ಒಆರ್‌ಎಸ್ ಕೊಡೋಣ. ಸುಮ್ನೆ ಪ್ಯಾನಿಕ್ ಮಾಡ್ಬೇಡಿ, ಎಲ್ಲಾ ನೋಡ್ತಿದ್ದಾರೆ."

"ನೋಡ್ಲಿ. ಇವರು ಸತ್ತೋದ್ರೂ ಎಲ್ಲಾ ನೋಡ್ತಾರೆ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಸಿದ್ದರಾಜು ಅಷ್ಟರಲ್ಲಿ ಪ್ರಣವ್‌ರನ್ನು ಹೆಗಲಿಗೆ ಹಾಕಿಕೊಂಡು ವ್ಯಾನಿನ ಕಡೆ ಹೊರಟಿದ್ದ. ಉಳಿದವರೂ ಗಾಬರಿಯಾಗಿ ನಮ್ಮ ಹಿಂದೆಯೇ ಹತ್ತಿದರು, ಕಾಡಿನಲ್ಲಿ ಒಬ್ಬರೇ ಉಳಿಯಲು ಯಾರಿಗೂ ಧೈರ್ಯವಿರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ನನ್ನ ಪಕ್ಕ ಸುನಂದಾ ಅನ್ನುವ ಹುಡುಗಿ ಕೂತಿದ್ದಳು. ವಿಜಯಪುರದ ಕಡೆಯವಳು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದು, ಪ್ರಣವ್ ಅವರ ಆಫೀಸಿನಲ್ಲೇ ಕೆಲಸ. ನಗುವವರ ನಡುವೆ ನಗದೆ ಇದ್ದವಳು ಅವಳೊಬ್ಬಳೇ.

"ಅಕ್ಕಾರ," ಎಂದಳು ಮೆಲ್ಲಗೆ, "ಸರ್ ಊಟದ ಮೊದ್ಲ ಡಬ್ಬಿ ತಗೊಂಡು ಟಾಕಿ ಹಿಂದ ಹೋಗಿದ್ರು ನೋಡ್ರಿ. ಬಂದು ಏನೋ ಎಲಿ ತಪ್ಪಲಾ ಲಿಂಬಿಹಣ್ಣು ಹಿಂಡ್ಕೊಂಡು ತಿಂದ್ರು. ಕಹಿ ಐತಿ, ಡಿಟಾಕ್ಸ್ ಅಂದ್ರು. ನನಗೂ ತಿನ್ನು ಅಂದ್ರು, ನಾ ಒಲ್ಲೆ ಅಂದೆ."

ಡಬ್ಬಿ ಅವರ ಚೀಲದಲ್ಲೇ ಇತ್ತು. ತೆರೆದೆ. ನಾಲ್ಕೈದು ಎಳೆ ಎಲೆ ಉಳಿದಿದ್ದವು. ಹೂವೂ ಇಲ್ಲ, ಮುಳ್ಳಿನ ಕಾಯಿಯೂ ಇಲ್ಲ, ಗೊತ್ತಿಲ್ಲದವರಿಗೆ ಬರೀ ಎಲೆ. ಮೂಸಿದರೆ ಸಾಕು, ನನಗೆ ಗೊತ್ತು. ಟ್ಯಾಂಕಿನ ಹಿಂದೆ, ಹಳೇ ದೊಡ್ಡಿಯ ಗೊಬ್ಬರದ ಮಣ್ಣಿನಲ್ಲಿ ಉಮ್ಮತ್ತಿ ಸೊಂಪಾಗಿ ಬೆಳೆದಿತ್ತು. ನಾನು ಪ್ರತಿ ವಾರ ನೋಡುತ್ತಿದ್ದೆ. ಅದನ್ನು ಯಾರಾದರೂ ತಿಂದಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಕಾಡು ಕೆಟ್ಟದ್ದು ಕೊಡಲ್ಲ ಎಂದು ಹೇಳಿದವಳು ನಾನೇ. ಹೇಳಿ ನಾಲ್ಕು ಗಂಟೆಯೂ ಆಗಿರಲಿಲ್ಲ.

ಆಸ್ಪತ್ರೆಯ ವೈದ್ಯೆ ಸಣ್ಣ ವಯಸ್ಸಿನವರು, ಗಟ್ಟಿಗಿತ್ತಿ. ಪ್ರಣವ್‌ರ ಕಣ್ಣು ನೋಡಿದ ಕೂಡಲೇ ಕೇಳಿದರು, "ಏನು ತಿಂದ್ರು?"

"ಹೀಟ್ ಸ್ಟ್ರೋಕ್ ಇರ್ಬೇಕು ಡಾಕ್ಟ್ರೆ," ಎಂದರು ನಿಶಾಂತ್ ಸಾರ್.

"ನಾನು ಕೇಳಿದ್ದು ಏನು ತಿಂದ್ರು ಅಂತ."

ಹಿಂದಿನಿಂದ ಯಾರೋ ಹೇಳಿದರು, "ಕಾಡುಸೊಪ್ಪು ಮೇಡಂ. ಆಂಟಿ ಕಾಡಲ್ಲಿ ಕಿತ್ತಿದ್ದು. ನಾವೆಲ್ಲಾ ತಿಂದಿದ್ದೀವಿ."

ಆ ಮಾತು ಮುಗಿಯುವಷ್ಟರಲ್ಲಿ ಹದಿನಾಲ್ಕು ಜನಕ್ಕೂ ಬಾಯಿ ಒಣಗಿತು. ಒಬ್ಬರು ತಲೆ ಸುತ್ತುತ್ತಿದೆ ಎಂದು ಬೆಂಚಿನ ಮೇಲೆ ಒರಗಿದರು. ಒಬ್ಬರು ಫೋನಿನ ಕ್ಯಾಮೆರಾದಲ್ಲಿ ತಮ್ಮ ಕಣ್ಣು ನೋಡಿಕೊಂಡು ಕಿರುಚಿದರು. ಒಬ್ಬಾಕೆ ತಾಯಿಗೆ ಫೋನು ಮಾಡಿ ಅಪ್ಪನಿಗೆ ಈಗಲೇ ಹೇಳಬೇಡ ಎಂದು ಅಳುತ್ತಿದ್ದರು. ನರ್ಸು ಓಡಿ ಹೋಗಿ ಇನ್ನಷ್ಟು ಹಾಸಿಗೆ ಸಿದ್ಧ ಮಾಡತೊಡಗಿದರು. ಡಾಕ್ಟರು ಒಬ್ಬರು, ಪ್ರಣವ್ ಒಬ್ಬರು, ಮಧ್ಯೆ ಚೆನ್ನಾಗಿಯೇ ಇದ್ದ ಹದಿನಾಲ್ಕು ರೋಗಿಗಳು.

ನಿಶಾಂತ್ ಸಾರ್ ನನ್ನ ತೋಳು ಹಿಡಿದು ಗೋಡೆಯ ಕಡೆ ಕರೆದುಕೊಂಡು ಹೋದರು. "ಜಯಕ್ಕ, ಅಪ್ಪಿತಪ್ಪಿ ಬೇರೆ ಎಲೆ ಸೇರ್ಕೊಂಡ್ಬಿಡ್ತು ಅಂತ ಹೇಳ್ಬಿಡಿ. ನಿಮಗೇನೂ ಆಗದಂಗೆ ನಾನು ನೋಡ್ಕೋತೀನಿ. ಮಾರ್ಕೆಟ್ ವಿಷ್ಯ ಮಾತ್ರ ಬೇಡ. ಕಂಪನಿ ಮುಚ್ಚೋಗುತ್ತೆ."

ಮೂವತ್ತು ವರ್ಷ ಬೇಯಿಸಿದ್ದೇನೆ. ನನ್ನ ಕೈಯ ಊಟ ಉಂಡು ಯಾರಿಗೂ ಹೊಟ್ಟೆನೋವು ಬಂದದ್ದಿಲ್ಲ. ಅಡುಗೆಯವಳ ಹತ್ತಿರ ಇರುವ ಸರ್ಟಿಫಿಕೇಟ್ ಅದೊಂದೇ. ಅದನ್ನು ಹರಿದುಕೊಡಿ ಎಂದು ಈ ಮನುಷ್ಯ ಎಷ್ಟು ಮೃದುವಾಗಿ ಕೇಳುತ್ತಿದ್ದಾರೆ, ಬೆಂಕಿಪೊಟ್ಟಣ ಕೇಳಿದ ಹಾಗೆ.

ತೋಳು ಬಿಡಿಸಿಕೊಂಡು ವಾಪಸ್ಸು ಬಂದೆ. ಡಬ್ಬಿಯನ್ನು ಡಾಕ್ಟರ ಕೈಗೆ ಕೊಟ್ಟೆ.

"ಅವರು ತಿಂದಿದ್ದು ಇದು ಮೇಡಂ. ಉಮ್ಮತ್ತಿ. ತಾವೇ ಕಿತ್ಕೊಂಡು ತಿಂದ್ರು, ಈ ಹುಡುಗಿ ನೋಡಿದಾಳೆ. ನಾನು ಬಡಿಸಿದ ಸೊಪ್ಪು ಕಾಡಿಂದಲ್ಲ. ಬೆಳಿಗ್ಗೆ ಬನಶಂಕರಿ ಮಾರ್ಕೆಟ್ಟಲ್ಲಿ ತಂದಿದ್ದು. ಇವರಿಗೆ ಯಾರಿಗೂ ಏನೂ ಆಗಿಲ್ಲ."

ಡಾಕ್ಟರು ಎಲೆ ಬಿಡಿಸಿ ನೋಡಿ, ತಲೆಯಾಡಿಸಿ, ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಒಳಗಿನಿಂದ ಅವರು ನರ್ಸಿಗೆ ಬಿರುಸಾಗಿ ಏನೇನೋ ಹೇಳುವುದು ಕೇಳಿಸಿತು. ಕಾರಿಡಾರಿನಲ್ಲಿ ಹದಿನಾಲ್ಕು ಜನರ ಬಾಯಿ ಒಮ್ಮೆಲೇ ಒದ್ದೆಯಾಯಿತು. ಒರಗಿದ್ದವರು ಎದ್ದು ಕೂತರು. ನಾನು ಅಂದುಕೊಂಡೆ, ಈಗ ಇವರು ದೇವರಿಗೆ ಕೈಮುಗಿಯುತ್ತಾರೆ.

ತಾಯಿಗೆ ಫೋನು ಮಾಡಿದ್ದ ಹೆಂಗಸು ನನ್ನನ್ನು ನೋಡಿದರು. ಸೇಟು ಅಂಗಡಿಯಲ್ಲಿ ಒಡವೆ ತೂಗಿ ಹಿತ್ತಾಳೆ ಎಂದಾಗ ಇರುತ್ತದಲ್ಲ, ಅಂಥ ಮುಖ.

"ಅಂದ್ರೆ ಆಂಟಿ, ನಾವು ತಿಂದಿದ್ದು ಬರೀ ಬನಶಂಕರಿ ಸೊಪ್ಪಾ?"

"ಚೀಟಿಂಗ್ ಇದು," ಎಂದರು ಒರಗಿ ಎದ್ದವರು. "ಬನಶಂಕರಿ ನಮ್ಮನೆ ಹಿಂದೇನೇ ಇದೆ. ಅದಕ್ಕೆ ಇಷ್ಟು ದೂರ ಬಂದ್ವಾ?"

ಗೋಡೆಯ ಆಚೆ ಒಬ್ಬ ಮನುಷ್ಯ ಸಾವಿನ ಜೊತೆ ಎಳೆದಾಡುತ್ತಿದ್ದ. ಈಚೆ ಇವರು ತಮ್ಮ ಹೊಟ್ಟೆಯಲ್ಲಿರುವುದು ವಿಷವಲ್ಲ, ಒಳ್ಳೆಯ ಸೊಪ್ಪು ಎಂದು ಜಗಳಕ್ಕೆ ನಿಂತಿದ್ದರು. ಸುನಂದಾ ಮಾತ್ರ ನನ್ನ ಕೈಗೆ ಒಂದು ಲೋಟ ಟೀ ಕೊಟ್ಟು ಪಕ್ಕದಲ್ಲಿ ಕೂತಳು.

ಅಷ್ಟರಲ್ಲಿ ಸಿದ್ದರಾಜು ವರದಿ ಬರೆಯಲು ಪುಸ್ತಕ ತೆರೆದ. ನಿಶಾಂತ್ ಸಾರ್ ಮುಂದೆ ನಿಂತು ಕೇಳಿದ, "ಸಾರ್, ಬುಟ್ಟಿ ಸೊಪ್ಪು ಕಾಡಲ್ಲಿ ಕಿತ್ತಿದ್ದಾ, ಮಾರ್ಕೆಟ್ಟಿಂದ ತಂದಿದ್ದಾ? ಒಂದು ಹೇಳಿ. ಕಾಡಿಂದು ಅಂದ್ರೆ ಕೇಸ್ ಬರ್ಕೋಬೇಕು."

ನಿಶಾಂತ್ ಸಾರ್ ಒಮ್ಮೆ ಜನರ ಕಡೆ ನೋಡಿದರು, ಒಮ್ಮೆ ಪೆನ್ನಿನ ಕಡೆ. ಅವರು ತಲೆ ಕೆಳಗೆ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಮಾರ್ಕೆಟ್ಟಿಂದ," ಎಂದರು.

"ಸ್ವಲ್ಪ ಜೋರಾಗಿ ಹೇಳಿ ಸಾರ್. ಕಿವಿ ಮಂದ," ಎಂದ ಸಿದ್ದರಾಜು. ಅವನ ಕಿವಿಗೆ ಅರ್ಧ ಮೈಲಿ ಆಚೆ ಬಿದಿರು ಮುರಿದ ಸದ್ದು ಕೇಳಿಸುತ್ತಿತ್ತು.

ಪ್ರಣವ್ ಬದುಕಿದರು. ಎರಡು ದಿನ ಬೇಕಾಯಿತು. ನಾನು ಭಾನುವಾರ ಮನೆಗೆ ಹೋಗದೆ ಆಸ್ಪತ್ರೆಯ ಬೆಂಚಿನ ಮೇಲೇ ಕೂತಿದ್ದೆ. ಸೋಮವಾರ ಮಧ್ಯಾಹ್ನ ಅವರು ನನ್ನನ್ನು ಗುರುತಿಸಿ, "ಆಂಟಿ, ಮೊಸರನ್ನ ಇದೆಯಾ?" ಎಂದಾಗ ಗೋಡೆಗೆ ತಿರುಗಿ ಅತ್ತೆ. ಆಮೇಲೆ ಅವರ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದೆ. ಬುಟ್ಟಿ, ಸೀರೆ, ಬರೆದುಕೊಟ್ಟ ಮಾತು. ಕೆಟ್ಟದ್ದು ಕೊಡಲ್ಲ ಅಂತ ನಾನು ಹೇಳಿದ್ದು ಸುಳ್ಳು ಸಾರ್, ಕಾಡು ಎರಡನ್ನೂ ಕೊಡುತ್ತೆ, ಆರಿಸೋದು ಕಲಿತವರ ಕೆಲಸ, ತಪ್ಪಾಯಿತು ಎಂದೆ. ಅವರು ನನ್ನ ಕೈ ಹಿಡಿದು ತಲೆಯಾಡಿಸಿದರು. ಅರ್ಥವಾಯಿತು ಎಂದುಕೊಂಡೆ.

ಅರ್ಥವಾಗಿರಲಿಲ್ಲ. ಮೂರು ತಿಂಗಳ ಮೇಲೆ ಅವರು ಫೋನಿನಲ್ಲಿ ಎಲ್ಲರೂ ನೋಡುವಂತೆ ಒಂದು ವಿಡಿಯೋ ಹಾಕಿದರು. ಕಾಡು ತನ್ನೊಂದಿಗೆ ಮಾತಾಡಿತಂತೆ. ತನ್ನ ಅಹಂಕಾರ ಕರಗಿತಂತೆ. ಒಂದು ದೊಡ್ಡ ಕಪ್ಪು ಗುರು ಎದುರಿಗೆ ನಿಂತು ಮೌನವಾಗಿ ತನಗೆ ಎಲ್ಲ ಬೋಧಿಸಿದನಂತೆ. ಅದು ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು. ಆಸ್ಪತ್ರೆಯ ವಿಷಯ ವಿಡಿಯೋದಲ್ಲಿ ಇರಲಿಲ್ಲ.

ನಾನು ಆ ಹೊತ್ತಿಗೆ ಕೆಲಸಕ್ಕೆ ವಾಪಸ್ಸಾಗಿದ್ದೆ. ಯಾಕೆ ಹೋದಿರಿ ಎಂದು ಮೇಲಿನ ಮನೆಯ ಹುಡುಗಿ ಕೇಳಬಹುದು. ಬುಟ್ಟಿ, ಸೀರೆ ಇನ್ನು ಇಲ್ಲ, ಸೊಪ್ಪು ಎಲ್ಲಿಯದೆಂದು ನೀವೇ ಬಾಯಿಬಿಟ್ಟು ಹೇಳಿ ಎಂದು ನಿಶಾಂತ್ ಸಾರ್ ನಮ್ಮ ಮನೆಯ ಜಗಲಿಯ ಮೇಲೆ ಕೂತು ಹೇಳಿದ್ದರು. ನನಗೂ ಆ ಕೆಲಸ ಇಷ್ಟವಿತ್ತು. ಬೆಳಗಿನ ಒಲೆ, ಮರದ ವಾಸನೆ, ಹಸಿದು ಬಂದವರು ಉಣ್ಣುವಾಗಿನ ಸದ್ದು. ಆರೇಳು ವಾರ ಚೆನ್ನಾಗಿಯೇ ನಡೆಯಿತು. ಸೊಪ್ಪು ಬನಶಂಕರಿಯದು ಎಂದು ಹೇಳಿಯೇ ಬಡಿಸಿದೆ. ಜನ ಉಂಡರು, ಕೆಲವರು ಎರಡನೇ ಸಲವೂ ಹಾಕಿಸಿಕೊಂಡರು.

ವಿಡಿಯೋ ಬಂದ ಮೇಲಿನ ಶನಿವಾರ ವ್ಯಾನಿನಿಂದ ಇಳಿದವರ ಮಾತೇ ಬೇರೆಯಿತ್ತು. ಟ್ಯಾಂಕಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬ ಅದಕ್ಕೆ ಕೈಯನ್ನೂ ಮುಗಿದ. ಅವರನ್ನು ಬಂಡೆಯ ಕಡೆ ಕಳಿಸಿ ನಿಶಾಂತ್ ಸಾರ್ ಶೆಡ್ಡಿಗೆ ಬಂದರು. ನಾನು ಬೇಳೆ ತೊಳೆಯುತ್ತಿದ್ದೆ.

"ಜಯಕ್ಕ, ಬೈಬೇಡಿ. ಒಂದು ಐಡಿಯಾ ಇದೆ."

"ಹೇಳಿ ಸಾರ್."

"ಪ್ರಣವ್ ಅವರ ಎಕ್ಸ್‌ಪೀರಿಯೆನ್ಸ್ ಬೇಕು ಅಂತ ತುಂಬಾ ಜನ ಕೇಳ್ತಿದ್ದಾರೆ. ಪೂರ್ತಿ ಅಲ್ಲ. ತುಂಬಾ ಕಮ್ಮಿ. ಒಂದೇ ಒಂದು ಎಲೆ. ನಿಮಗೆ ಗಿಡ ಗೊತ್ತು, ಕೈಗೆ ಅಳತೆ ಗೊತ್ತು. ಒಬ್ರು ಡಾಕ್ಟರನ್ನ ಜೊತೆಗೇ ಇಟ್ಕೊಳೋಣ, ಸೇಫ್ ಆಗಿ."

ಅವರು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮುಖದಲ್ಲಿ ಕೆಟ್ಟತನವೂ ಇರಲಿಲ್ಲ. ಹೊಸ ಆಟಿಕೆ ಕಂಡ ಮಗುವಿನ ಮುಖ. ನಾನು ಬೇಳೆಯ ನೀರು ಚೆಲ್ಲಿ, ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡೆ.

"ಸಾರ್, ನಿಮ್ಮಮ್ಮ ಇದ್ದಾರಾ?"

"ಇದ್ದಾರೆ. ಪದ್ಮನಾಭನಗರದಲ್ಲಿ. ಯಾಕೆ?"

"ಮೊದಲನೇ ಎಲೆ ಅವರಿಗೆ ಕೊಟ್ಟು ನೋಡಿ. ಚೆನ್ನಾಗಾಯ್ತು ಅಂದ್ರೆ ನನಗೆ ಹೇಳಿ."

ನಾನು ಮೂಲೆಯಲ್ಲಿದ್ದ ಗುದ್ದಲಿ, ಎರಡು ಗೋಣಿಚೀಲ ತೆಗೆದುಕೊಂಡು ಟ್ಯಾಂಕಿನ ಹಿಂದೆ ಹೋದೆ. ಮಳೆ ಬಿದ್ದ ಮೇಲೆ ಉಮ್ಮತ್ತಿ ಮೊದಲಿಗಿಂತ ದಟ್ಟವಾಗಿತ್ತು. ಕೈಗೆ ಗೋಣಿ ಸುತ್ತಿಕೊಂಡು ಮೊದಲ ಗಿಡ ಹಿಡಿದೆ.

"ಅಕ್ಕ!" ಸಿದ್ದರಾಜು ಬೇಲಿಯ ಹತ್ತಿರ ನಿಂತಿದ್ದ. "ಏನ್ ಮಾಡ್ತಿದ್ದೀಯಕ್ಕ? ಇಲ್ಲಿ ಒಂದ್ ಎಲೆ ಕೀಳಂಗಿಲ್ಲ ಅಂತ ಗೊತ್ತಿಲ್ವಾ?"

"ಗೊತ್ತು. ಬರ್ಕೊ. ಜಯಮ್ಮ, ಚಿಕ್ಕಲಸಂದ್ರ. ನಿಂತಿರ್ತೀನಿ, ಪುಸ್ತಕ ತಗೊಂಡ್ ಬಾ."

ಅವನು ನನ್ನನ್ನು ನೋಡಿದ. ಶೆಡ್ಡಿನ ಮುಂದೆ ಹನ್ನೆರಡು ಜೇಬಿಗೂ ಕೈ ಹಾಕಿ ಹುಡುಕುವವರಂತೆ ನಿಂತಿದ್ದ ನಿಶಾಂತ್ ಸಾರ್‌ರನ್ನು ನೋಡಿದ. ಏನಾಗಿರಬೇಕೆಂದು ಅವನಿಗೆ ಹೊಳೆಯಿತೋ ಏನೋ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಾನು ಹಳ್ಳದ ಕಡೆ ರೌಂಡ್ಸ್ ಹೋಗ್ಬೇಕು," ಎಂದ. "ಬರಕ್ಕೆ ಎರಡು ಗಂಟೆ ಆಯ್ತದೆ." ನಾ‌ಲ್ಕು ಹೆಜ್ಜೆ ಹೋದವನು ತಿರುಗಿ ಹೇಳಿದ, "ಬೇರು ಸಮೇತ ಕೀಳಕ್ಕ. ಮೇಲ್ ಮೇಲೆ ಕಿತ್ರೆ ಮತ್ತೆ ಚಿಗುರ್ತದೆ."

ಬೇರು ಸಮೇತವೇ ಕಿತ್ತೆ. ನೆಲ ಮೆತ್ತಗಿತ್ತು, ಆದರೂ ಕೆಲವು ಬೇರು ದೊಡ್ಡಿಯ ಹಳೇ ಕಲ್ಲಿನ ಕೆಳಗೆ ಹೋಗಿದ್ದವು. ಸೊಂಟ ಹಿಡಿದುಕೊಂಡಿತು. ಎರಡು ಚೀಲವೂ ತುಂಬಿದವು. ಅಷ್ಟು ಹೊತ್ತಿಗೆ ಜನ ಬಂಡೆಯಿಂದ ಇಳಿದು, ಕೈ ತೊಳೆದು, ತಟ್ಟೆ ಹಿಡಿದು ಶೆಡ್ಡಿನ ಮುಂದೆ ಸಾಲಾಗಿ ನಿಂತಿದ್ದರು. ಒಂದು ಗಂಟೆಯಾಗಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ, ಊಟದ ಹೊತ್ತಿಗೆ ನನ್ನ ಒಲೆ ಹಚ್ಚಿರಲಿಲ್ಲ.